ಕಾಂತೀಯ ಕಬ್ಬಿಣದ ಆಕ್ಸೈಡ್ + ಗ್ರ್ಯಾಫೀನ್: ಬಣ್ಣ ಹೋಯ್ತು ಸರಿ, ಡೈ ಒಡೆಯಿತಾ?

ಕಪ್ಪುಪುಡಿ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಮ್ಯಾಗ್ನಟೈಟ್ (ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಆಕ್ಸೈಡ್) ಮತ್ತು ಗ್ರ್ಯಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಸೇರಿಸಿದ ಕಾಂಪೊಸಿಟ್ ಮಾಡಿ, ಬೆಳಕಿನಲ್ಲಿ ಡೈ ಒಡೆಯುವ ವಿಷಯ ತೆಗೆದುಕೊಂಡಿದ್ದೇನೆ. ಟೈಟಾನಿಯಂ ಡೈಆಕ್ಸೈಡ್‌ನಂಥ ನಯವಾದ ಪುಡಿಯನ್ನು ನೀರಿಗೆ ಹಾಕಿದರೆ ವಾಪಸ್ ತೆಗೆಯುವುದೇ ದೊಡ್ಡ ಕಷ್ಟ. ಇಲ್ಲಿ ಬೀಕರ್ ಪಕ್ಕಕ್ಕೆ ಅಯಸ್ಕಾಂತ ಹಿಡಿದರೆ ಪುಡಿ ಒಂದು ಕಡೆ ಬಂದು ಕೂರುತ್ತದೆ. ನನಗೆ ಹಿಡಿಸಿದ್ದು ಅದೇ.

ನನ್ನ ಪ್ಲ್ಯಾನ್ ಹೀಗಿದೆ. ಮೆಥಿಲೀನ್ ಬ್ಲೂ ಅನ್ನುವ ನೀಲಿ ಡೈ ಲೀಟರಿಗೆ 10 ಮಿಲಿಗ್ರಾಂ. ದ್ರಾವಣ 50 ಮಿಲಿಲೀಟರ್. ಕ್ಯಾಟಲಿಸ್ಟ್ (ಡೈ ಒಡೆಯಲು ನೆರವಾಗುವ ಆ ಪುಡಿ) 50 ಮಿಲಿಗ್ರಾಂ. ಕಣ್ಣಿಗೆ ಕಾಣುವ ಬೆಳಕು ಕೊಡುವ ಲ್ಯಾಂಪ್. ಆಗಾಗ ಸ್ಯಾಂಪಲ್ ತೆಗೆದು 664 ನ್ಯಾನೊಮೀಟರಿನಲ್ಲಿ ಅಬ್ಸಾರ್ಬೆನ್ಸ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅನ್ನುವ ಅಳತೆ) ನೋಡುವುದು.

ಕೆಲಸ ಶುರು ಮಾಡುವ ಮುಂಚೆ ಕೇಳುತ್ತಿದ್ದೇನೆ. ಗ್ರ್ಯಾಫೀನ್ ಆಕ್ಸೈಡ್‌ಗೆ (ಗ್ರ್ಯಾಫೀನ್‌ಗೆ ಮೊದಲು ಮಾಡಿಕೊಳ್ಳುವ, ಆಮ್ಲಜನಕ ಸೇರಿದ ಹಾಳೆ) ಯಾವ ವಿಧಾನ ಒಳ್ಳೆಯದು? ಕಬ್ಬಿಣವನ್ನು ಯಾವ ಹಂತದಲ್ಲಿ ಸೇರಿಸಬೇಕು? ಮತ್ತೆ ರಿಸಲ್ಟ್ ನೋಡಿದ ಪರೀಕ್ಷಕರು ಮೊದಲು ಎಲ್ಲಿ ಕೈ ಇಡುತ್ತಾರೆ?

ಲ್ಯಾಬ್‌ಹುಳು

ಗ್ರ್ಯಾಫೀನ್ ಆಕ್ಸೈಡ್ ಬಗ್ಗೆ ನಾನು ಹೇಳ್ತೀನಿ. 1958ರ ಹಮ್ಮರ್ಸ್ ವಿಧಾನ ಎಲ್ಲ ಕಡೆ ಸಿಗುತ್ತದೆ. ಆದರೆ ಅದರಲ್ಲಿ ಸೋಡಿಯಂ ನೈಟ್ರೇಟ್ ಇದೆ. ವಿಷದ ನೈಟ್ರೋಜನ್ ಆಕ್ಸೈಡ್ ಹೊಗೆ ಬರುತ್ತದೆ. 2010ರಲ್ಲಿ ಬಂದ ಸುಧಾರಿತ ವಿಧಾನದಲ್ಲಿ ನೈಟ್ರೇಟ್ ಇಲ್ಲ. ಸಲ್ಫ್ಯೂರಿಕ್ ಮತ್ತು ಫಾಸ್ಫಾರಿಕ್ ಆಮ್ಲ 9ಕ್ಕೆ 1ರಂತೆ, ಗ್ರ್ಯಾಫೈಟ್‌ನ ಆರು ಪಟ್ಟು ತೂಕದ ಪೊಟ್ಯಾಸಿಯಂ ಪರ್ಮಾಂಗನೇಟ್, 50 ಡಿಗ್ರಿಯಲ್ಲಿ 12 ಗಂಟೆ. ಇದನ್ನೇ ಮಾಡಿ.

ಒಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ಪರ್ಮಾಂಗನೇಟ್ ಬಿದ್ದರೆ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಹುಟ್ಟುತ್ತದೆ. ಅದು 55 ಡಿಗ್ರಿ ದಾಟಿದರೆ ಸಿಡಿಯುತ್ತದೆ. 50ಕ್ಕೂ 55ಕ್ಕೂ ಅಂತರ ಎಷ್ಟು ಕಮ್ಮಿ ನೋಡಿ. ಹಾಟ್ ಪ್ಲೇಟ್ ಮೇಲೆ ನೇರವಾಗಿ ಇಡಬೇಡಿ, ವಾಟರ್ ಬಾತ್ ಬಳಸಿ. ಥರ್ಮಾಮೀಟರ್ ಮಿಶ್ರಣದ ಒಳಗೇ ಇರಲಿ. ಪರ್ಮಾಂಗನೇಟನ್ನು ಐಸ್ ಬಾತ್‌ನಲ್ಲಿಟ್ಟು ಚಿಟಿಕೆ ಚಿಟಿಕೆಯಾಗಿ ಹಾಕಿ. ಹತ್ತಿರದಲ್ಲಿ ಅಸಿಟೋನ್, ಆಲ್ಕೋಹಾಲ್ ಬಾಟಲಿ ಇರಬಾರದು. ಮೊದಲ ಸಲ 1 ಗ್ರಾಂ ಗ್ರ್ಯಾಫೈಟ್ ಸಾಕು.

ಕೊನೆಗೆ ಐಸ್ ಮೇಲೆ ಸುರಿದು ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ತೊಳೆಯುವುದು. ಇಲ್ಲಿ ಎಲ್ಲರಿಗೂ ತಾಳ್ಮೆ ಕೆಡುತ್ತದೆ. ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಆಮೇಲೆ ನೀರಿನಲ್ಲಿ. ಆಮ್ಲ ಹೋದಂತೆ ಹಾಳೆಗಳು ಉಬ್ಬಿ ಜೆಲ್ ಥರ ಆಗುತ್ತವೆ, ಸೆಂಟ್ರಿಫ್ಯೂಜ್‌ನಲ್ಲೂ ಸರಿಯಾಗಿ ಕೆಳಗೆ ಕೂರುವುದಿಲ್ಲ. ಆದರೂ ಬಿಡಬೇಡಿ. ಮ್ಯಾಂಗನೀಸ್ ಉಳಿದರೆ ಮುಂದೆ ಅದೂ ಪೆರಾಕ್ಸೈಡನ್ನು ಒಡೆಯುತ್ತದೆ. ಆಗ ಕೆಲಸ ಮಾಡಿದ್ದು ಕಬ್ಬಿಣವೋ ಮ್ಯಾಂಗನೀಸೋ ಅಂತ ಹೇಳಲು ಬರುವುದಿಲ್ಲ.

ಒಣಗಿಸುವ ಗೋಜಿಗೆ ಹೋಗಬೇಡಿ, ನೀರಿನಲ್ಲಿ ಹರಡಿದ ರೂಪದಲ್ಲೇ ಇಟ್ಟುಕೊಳ್ಳಿ. ಒಣ ಗ್ರ್ಯಾಫೀನ್ ಆಕ್ಸೈಡನ್ನು ಜಾಸ್ತಿ ಪ್ರಮಾಣದಲ್ಲಿ ಓವನ್‌ನಲ್ಲಿ ಬಿಸಿ ಮಾಡಿದರೆ ತಾನೇ ಶಾಖ ಬಿಡುತ್ತಾ ಒಮ್ಮೆಲೇ ಒಡೆಯಬಹುದು. ಗಟ್ಟಿ ಅಂಶ ಎಷ್ಟಿದೆ ಅಂತ ತಿಳಿಯಲು ಕೆಲವೇ ಮಿಲಿಲೀಟರ್ ತೆಗೆದು 60 ಡಿಗ್ರಿ ಒಳಗೆ ಒಣಗಿಸಿ ತೂಗಿ.

ಹಳೇಬೀಕರ್

ಕಬ್ಬಿಣದ ಭಾಗ ನಾನು ಬರೆಯುತ್ತೇನೆ. ಕೋ-ಪ್ರೆಸಿಪಿಟೇಷನ್ನೇ (ಎರಡು ಉಪ್ಪುಗಳನ್ನು ದ್ರಾವಣದಿಂದ ಒಟ್ಟಿಗೆ ಇಳಿಸುವುದು) ಸುಲಭ. ಫೆರಸ್ (ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ) 1, ಫೆರಿಕ್ (ಮೂರು ಕಳೆದುಕೊಂಡದ್ದು) 2, ಈ ಅನುಪಾತದಲ್ಲಿ ಬೆರೆಸಿ ಕ್ಷಾರ ಹಾಕಿದರೆ ಮ್ಯಾಗ್ನಟೈಟ್ ಕಪ್ಪಗೆ ಇಳಿಯುತ್ತದೆ. ಲೆಕ್ಕ ಕೊಡ್ತೀನಿ. ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.41 ಗ್ರಾಂ, ಅಂದರೆ 0.02 ಮೋಲ್. ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ 1.99 ಗ್ರಾಂ, ಅಂದರೆ 0.01 ಮೋಲ್. ಪೂರ್ತಿ ಇಳಿದರೆ ಮ್ಯಾಗ್ನಟೈಟ್ ಸುಮಾರು 2.3 ಗ್ರಾಂ ಸಿಗಬೇಕು. ಕ್ಷಾರ 0.08 ಮೋಲ್ ಬೇಕೇ ಬೇಕು, ಅದರ ಮೇಲೆ ಸ್ವಲ್ಪ ಜಾಸ್ತಿ ಹಾಕಿ ಪಿಎಚ್ 10ರ ಆಸುಪಾಸು ಇಟ್ಟುಕೊಳ್ಳಿ.

ಫೆರಸ್ ಉಪ್ಪಿನ ಬಾಟಲಿ ತೆಗೆದು ಮೊದಲು ಬಣ್ಣ ನೋಡಿ. ತಿಳಿ ಹಸಿರು ಇರಬೇಕು. ಹಳದಿ, ಕಂದು ಬಂದಿದ್ದರೆ ಗಾಳಿ ಹೊಕ್ಕು ಫೆರಿಕ್ ಆಗಿದೆ ಅಂತ ಅರ್ಥ. ಆಗ ಎಷ್ಟು ಸರಿಯಾಗಿ ತೂಗಿದರೂ ಅನುಪಾತ ತಪ್ಪುತ್ತದೆ. ನೀರನ್ನು ಕುದಿಸಿ ಆರಿಸಿ, ನೈಟ್ರೋಜನ್ ಹಾಯಿಸಿ, ಆಮೇಲೆ ಉಪ್ಪು ಕರಗಿಸಿ.

ಗ್ರ್ಯಾಫೀನ್ ಆಕ್ಸೈಡ್ ಮೊದಲೇ ಬೀಕರ್‌ನಲ್ಲಿ ಇರಬೇಕು. ಅದರ ಹಾಳೆ ಮೇಲೆ ಕಾರ್ಬಾಕ್ಸಿಲ್ ಗುಂಪುಗಳಿವೆ, ಋಣ ವಿದ್ಯುದಂಶ ಇದೆ, ಕಬ್ಬಿಣದ ಅಯಾನುಗಳು ಅಲ್ಲೇ ಹೋಗಿ ಕೂರುತ್ತವೆ. ಆಮೇಲೆ ಕ್ಷಾರ ಹಾಕಿದಾಗ ಕಣ ಹಾಳೆಯ ಮೇಲೇ ಬೆಳೆಯುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ಕೊನೆಗೆ ಸುಮ್ನೆ ಕಲಸಿದರೆ ಆ ಹಿಡಿತ ಬರುವುದಿಲ್ಲ. ಅಯಸ್ಕಾಂತ ಹಿಡಿದಾಗ ಕಬ್ಬಿಣ ಒಂದು ಕಡೆ, ಗ್ರ್ಯಾಫೀನ್ ಒಂದು ಕಡೆ ಆಗುತ್ತದೆ. ಒಂದು ಎಚ್ಚರಿಕೆ ಇದೆ. ಗಾಢವಾದ ಕಬ್ಬಿಣದ ದ್ರಾವಣವನ್ನು ಒಮ್ಮೆಲೇ ಸುರಿದರೆ ಗ್ರ್ಯಾಫೀನ್ ಆಕ್ಸೈಡ್ ಉಂಡೆ ಕಟ್ಟುತ್ತದೆ. ತೆಳು ಮಾಡಿ, ಕಲಕುತ್ತಾ, ನಿಧಾನಕ್ಕೆ ಹಾಕಿ.

ಅಮೋನಿಯಾ ಬಿದ್ದ ಕೂಡಲೇ ಕಂದು ಬಣ್ಣ ಹೋಗಿ ಕಡುಕಪ್ಪು ಬರಬೇಕು. ಕೆಂಪು ಮಿಶ್ರಿತ ಕಂದಿನಲ್ಲೇ ನಿಂತರೆ ಮುಂದೆ ಹೋಗಬೇಡಿ, ಅಲ್ಲೇ ಬಿಟ್ಟು ಹೊಸದಾಗಿ ಶುರು ಮಾಡಿ. ಕಪ್ಪು ಬಂದ ಮೇಲೆ ಟೆಫ್ಲಾನ್ ಒಳಪದರದ ಆಟೋಕ್ಲೇವ್‌ಗೆ ಹಾಕಿ 180 ಡಿಗ್ರಿಯಲ್ಲಿ 12 ಗಂಟೆ ಇಟ್ಟರೆ ಗ್ರ್ಯಾಫೀನ್ ಆಕ್ಸೈಡ್ ಬಹುಪಾಲು ರಿಡ್ಯೂಸ್ ಆಗುತ್ತದೆ, ಅಂದರೆ ಅದರ ಆಮ್ಲಜನಕ ಕಳಚುತ್ತದೆ. ಪಾತ್ರೆ ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ. ಇದೇ ಕೆಲಸಕ್ಕೆ ಹೈಡ್ರಜೀನ್ ಬಳಸುವವರಿದ್ದಾರೆ. ಅಷ್ಟು ವಿಷದ ವಸ್ತು ನೀರು ಶುದ್ಧ ಮಾಡುವ ಕೆಲಸಕ್ಕೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಲ್ಯಾಬ್‌ಹುಳು

ಇದನ್ನು ಯಾರೂ ಬರೆಯಲ್ಲ, ಅದಕ್ಕೇ ಹೇಳ್ತಿದ್ದೀನಿ: ಮ್ಯಾಗ್ನೆಟಿಕ್ ಸ್ಟರರ್ ಬಳಸಬೇಡಿ. ಕ್ಯಾಟಲಿಸ್ಟೇ ಕಾಂತೀಯ ಅಲ್ವಾ, ಪೂರ್ತಿ ಹೋಗಿ ಸ್ಟರರ್ ಬಾರ್‌ಗೆ ಮೆತ್ತಿಕೊಳ್ಳುತ್ತದೆ. ಮೇಲಿನಿಂದ ತಿರುಗುವ ಮೋಟಾರ್ ಸ್ಟರರ್ ಇಲ್ಲವೇ ಶೇಕರ್ ಬೇಕು. ತಯಾರಿಸುವಾಗಲೂ ಅಷ್ಟೇ, ಡೈ ಪ್ರಯೋಗದಲ್ಲೂ ಅಷ್ಟೇ.

ಸ್ಪಿನೆಲ್

ಸ್ವಲ್ಪ ಬುಡಕ್ಕೇ ಹೋಗಿ ಒಂದು ಪ್ರಶ್ನೆ ಎತ್ತುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮ್ಯಾಗ್ನಟೈಟ್‌ನ್ನು ಫೋಟೊಕ್ಯಾಟಲಿಸ್ಟ್ (ಬೆಳಕಿನ ಬಲದಿಂದ ಕೆಲಸ ಮಾಡುವ ಕ್ಯಾಟಲಿಸ್ಟ್) ಅಂತ ಕರೆಯುವುದಾದರೆ ಯಾವ ಅರ್ಥದಲ್ಲಿ?

ಟೈಟಾನಿಯಂ ಡೈಆಕ್ಸೈಡ್‌ನ ಅನಟೇಸ್ ರೂಪಕ್ಕೆ 3.2 ಎಲೆಕ್ಟ್ರಾನ್ ವೋಲ್ಟ್ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರಲು ಬೇಕಾದ ಶಕ್ತಿ) ಇದೆ. ಸುಮಾರು 387 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು ಬಿದ್ದರೆ ಎಲೆಕ್ಟ್ರಾನ್ ಮೇಲೆ ಹೋಗುತ್ತದೆ, ಕೆಳಗೆ ಹೋಲ್, ಅಂದರೆ ಅದು ಬಿಟ್ಟುಹೋದ ಖಾಲಿ ಜಾಗ, ಉಳಿಯುತ್ತದೆ. ಮ್ಯಾಗ್ನಟೈಟ್‌ಗೆ ಇರುವ ಗ್ಯಾಪ್ ಸುಮಾರು 0.1 ಮಾತ್ರ. ಕೋಣೆಯ ಉಷ್ಣತೆಯಲ್ಲೇ ಅದರಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಬೆಳಕು ಎಬ್ಬಿಸಿದ ಎಲೆಕ್ಟ್ರಾನ್, ಹೋಲ್ ಎರಡೂ ಅಲ್ಲೇ ಕೂಡಿಹೋಗುತ್ತವೆ. ನೀರಿನಿಂದ ಹೈಡ್ರಾಕ್ಸಿಲ್ ರ್‍ಯಾಡಿಕಲ್ (ಡೈಯನ್ನು ಒಡೆಯುವ ಬಹಳ ಚುರುಕಾದ ಕಣ) ಮಾಡುವಷ್ಟು ಬಲ ಅಲ್ಲಿ ಸಿಗುವುದಿಲ್ಲ. ಕಪ್ಪು ಪುಡಿಗೆ ಟಾಕ್ ಪ್ಲಾಟ್ (ಬೆಳಕು ಹೀರುವಿಕೆಯಿಂದ ಗ್ಯಾಪ್ ಅಂದಾಜಿಸುವ ಗ್ರಾಫ್) ಎಳೆದು ಗ್ಯಾಪ್ 2ರ ಮೇಲಿದೆ ಅಂತ ಬರೆಯುವವರನ್ನು ನೋಡಿದರೆ ಬೇಜಾರಾಗುತ್ತದೆ.

ಕಬ್ಬಿಣದ ಇನ್ನೆರಡು ಆಕ್ಸೈಡ್ ನೋಡಿ. ಮ್ಯಾಗ್ಹಮೈಟ್ ಆದರೆ ಗ್ಯಾಪ್ ಸುಮಾರು 2 ಇದೆ, ಕಾಂತೀಯವೂ ಹೌದು. ಹೆಮಟೈಟ್‌ಗೂ ಸುಮಾರು 2.1. ಆದರೆ ಅದರ ಕಾಂತೀಯತೆ ತುಂಬಾ ದುರ್ಬಲ, ಜೊತೆಗೆ ಹೋಲ್ ಕೆಲವೇ ನ್ಯಾನೊಮೀಟರ್ ದೂರ ಹೋಗುವಷ್ಟರಲ್ಲಿ ಸಾಯುತ್ತದೆ. ಹಾಗಾಗಿ ಕಪ್ಪುಪುಡಿ ಅವರೇ, ನಿಮ್ಮ ಪ್ಲ್ಯಾನಿನಲ್ಲಿ ಪೆರಾಕ್ಸೈಡ್ ಇದೆಯೋ ಇಲ್ಲವೋ? ಅದರ ಮೇಲೆ ಎಲ್ಲ ನಿಂತಿದೆ.

ಕಪ್ಪುಪುಡಿ

ಸದ್ಯಕ್ಕೆ ಇಲ್ಲ ಸರ್. ಬೆಳಕು ಮತ್ತು ಕ್ಯಾಟಲಿಸ್ಟ್ ಮಾತ್ರ. ಗ್ರ್ಯಾಫೀನ್ ಎಲೆಕ್ಟ್ರಾನನ್ನು ಎಳೆದುಕೊಂಡು ಹೋಲ್‌ನಿಂದ ದೂರ ಇಡುತ್ತದೆ ಅಂತ ಓದಿದ್ದೆ. ಅಷ್ಟು ಸಾಕಾಗಲ್ವಾ?

ಸ್ಪಿನೆಲ್

ಗ್ರ್ಯಾಫೀನ್ ಎಲೆಕ್ಟ್ರಾನ್ ಸಾಗಿಸುತ್ತದೆ, ಅದು ನಿಜ. ಆದರೆ ಸಾಗಿಸಲು ಮೊದಲು ಎಲೆಕ್ಟ್ರಾನಿಗೆ ತಕ್ಕ ಶಕ್ತಿ ಇರಬೇಕಲ್ಲ.

ಮ್ಯಾಗ್ನಟೈಟ್ ನಿಜಕ್ಕೂ ಗೆಲ್ಲುವುದು ಫೋಟೊ-ಫೆಂಟನ್ ದಾರಿಯಲ್ಲಿ. ಫೆಂಟನ್ 1894ರಲ್ಲೇ ಫೆರಸ್ ಮತ್ತು ಪೆರಾಕ್ಸೈಡ್ ಸೇರಿದರೆ ಎಂಥ ಆಕ್ಸಿಡೀಕರಣ ಆಗುತ್ತದೆ ಅಂತ ತೋರಿಸಿದ್ದರು. ಫೆರಸ್ ಪೆರಾಕ್ಸೈಡನ್ನು ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಕೊಡುತ್ತದೆ, ತಾನು ಫೆರಿಕ್ ಆಗುತ್ತದೆ. ಫೆರಿಕ್ ಮತ್ತೆ ಫೆರಸ್ ಆಗುವುದು ಬಹಳ ನಿಧಾನ. ಇಡೀ ಚಕ್ರ ಸಿಕ್ಕಿಹಾಕಿಕೊಳ್ಳುವ ಜಾಗ ಅದು. ಬೆಳಕು ಆ ಹೆಜ್ಜೆಗೆ ವೇಗ ಕೊಡುತ್ತದೆ, ಗ್ರ್ಯಾಫೀನ್ ಎಲೆಕ್ಟ್ರಾನ್ ತಂದುಕೊಡುತ್ತದೆ. ಈ ರೀತಿ ವಿವರಿಸಿದರೆ ನಿಮ್ಮ ಮೂರೂ ವಸ್ತುಗಳಿಗೆ ಒಂದೊಂದು ಕೆಲಸ ಸಿಗುತ್ತದೆ.

ಪೆರಾಕ್ಸೈಡ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ. ಒಂದು ಮಟ್ಟ ದಾಟಿದರೆ ಅದೇ ಹೈಡ್ರಾಕ್ಸಿಲ್ ರ್‍ಯಾಡಿಕಲನ್ನು ನುಂಗುತ್ತದೆ.

ಹಳೇಬೀಕರ್

ಸ್ಪಿನೆಲ್ ಹೇಳಿದ್ದಕ್ಕೆ ನನ್ನದೊಂದು ಸಣ್ಣ ತಕರಾರು. ನೀವು ಮಾಡಿದ್ದು ಮ್ಯಾಗ್ನಟೈಟ್ ಅಂತ ಮೊದಲು ಗೊತ್ತಾಗಬೇಕಲ್ಲ? 10 ನ್ಯಾನೊಮೀಟರ್ ಕಣ ಗಾಳಿಯಲ್ಲಿ ಒಣಗಿದರೆ ಮೇಲ್ಮೈಯಿಂದ ಶುರುವಾಗಿ ಮ್ಯಾಗ್ಹಮೈಟ್ ಆಗುತ್ತಾ ಹೋಗುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ವಿಧಾನ) 30.1, 35.5, 43.1, 57, 62.6 ಡಿಗ್ರಿಯಲ್ಲಿ ಪೀಕ್ ಬಂತು, ಮ್ಯಾಗ್ನಟೈಟ್ ಸಿಕ್ಕಿತು ಅಂತ ಬರೆಯುವುದು ರೂಢಿ. ಎರಡರ ಪೀಕ್‌ಗಳೂ ಹೆಚ್ಚು ಕಮ್ಮಿ ಅಲ್ಲೇ ಬರುತ್ತವೆ. ರಾಮನ್ (ಲೇಸರ್ ಬೆಳಕು ಚದುರುವ ರೀತಿಯಿಂದ ವಸ್ತು ಗುರುತಿಸುವ ವಿಧಾನ, ಅಂಕಿಗಳು cm⁻¹ ಲೆಕ್ಕದಲ್ಲಿ) ನೋಡಿ. ಮ್ಯಾಗ್ನಟೈಟ್‌ಗೆ 670ರ ಹತ್ತಿರ ಒಂದು ಬಲವಾದ ಪಟ್ಟಿ. ಮ್ಯಾಗ್ಹಮೈಟ್‌ಗೆ 350, 500, 700ರ ಸುತ್ತ ಅಗಲವಾದ ಪಟ್ಟಿಗಳು. ಲೇಸರ್ ಶಕ್ತಿ ಕಮ್ಮಿ ಇಡಿ. ಜಾಸ್ತಿ ಆದರೆ ಅಳೆಯುತ್ತಿರುವಾಗಲೇ ಕಣ ಸುಟ್ಟು ಹೆಮಟೈಟ್ ಆಗಿ, 225 ಮತ್ತು 290ರಲ್ಲಿ ಹೊಸ ಪೀಕ್ ತೋರಿಸುತ್ತದೆ. ಫೆರಸ್, ಫೆರಿಕ್ ಬೇರೆ ಮಾಡಿ ತೋರಿಸುವ ಮಾಸ್ಬೌವರ್ ಸೌಲಭ್ಯ ಸಿಕ್ಕರೆ ಬಿಡಬೇಡಿ.

ಅದೇ ರಾಮನ್‌ನಲ್ಲಿ 1350 ಮತ್ತು 1590ರ ಸುತ್ತ ಗ್ರ್ಯಾಫೀನ್‌ನ ಡಿ, ಜಿ ಪಟ್ಟಿಗಳೂ ಸಿಗುತ್ತವೆ. ಜಿ ಬಂದ ಮಾತ್ರಕ್ಕೆ ಅದು ಗ್ರ್ಯಾಫೀನ್ ಅಲ್ಲ. ನಿಮ್ಮದು ರಿಡ್ಯೂಸ್ಡ್ ಗ್ರ್ಯಾಫೀನ್ ಆಕ್ಸೈಡ್. ಹಾಗೇ ಬರೆಯಿರಿ.

ಈಗ ಮುಖ್ಯ ವಿಷಯ. ಪರೀಕ್ಷಕರು ಎಲ್ಲಿ ಕೈ ಇಡುತ್ತಾರೆ ಅಂತ ಕೇಳಿದಿರಲ್ಲ, ಇಲ್ಲೇ. ನಿಮ್ಮ ಬೀಕರ್‌ನಲ್ಲಿ ಡೈ ಎಷ್ಟಿದೆ? ಲೀಟರಿಗೆ 10 ಮಿಲಿಗ್ರಾಂ, 50 ಮಿಲಿಲೀಟರ್. ಅಂದರೆ ಒಟ್ಟು ಅರ್ಧ ಮಿಲಿಗ್ರಾಂ. ಪುಡಿ 50 ಮಿಲಿಗ್ರಾಂ. ಒಂದು ಗ್ರಾಂ ಪುಡಿಗೆ ಬರೀ 20 ಮಿಲಿಗ್ರಾಂ ಡೈ ಅಂಟಿಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮ ಪುಡಿಗೆ ಒಂದು ಮಿಲಿಗ್ರಾಂ ಹಿಡಿಸುವ ಜಾಗ ಇದೆ. ಡೈ ಇರುವುದು ಅದರ ಅರ್ಧ! ಮೆಥಿಲೀನ್ ಬ್ಲೂ ಧನ ಅಯಾನು, ಉಂಗುರಗಳಿರುವ ಚಪ್ಪಟೆ ಅಣು. ಗ್ರ್ಯಾಫೀನ್ ಹಾಳೆ ಅಂದರೆ ಅದಕ್ಕೆ ಪ್ರಾಣ. ಲ್ಯಾಂಪ್ ಹಚ್ಚದಿದ್ದರೂ ನೀರು ತಿಳಿಯಾಗುತ್ತದೆ. ಪುಡಿಯನ್ನು ಅಯಸ್ಕಾಂತದಿಂದ ತೆಗೆದ ಕೂಡಲೇ ಡೈಯನ್ನೂ ಜೊತೆಗೇ ಎತ್ತಿಕೊಂಡು ಹೋಗಿರುತ್ತೀರಿ. ಒಡೆದಿದ್ದು ಏನೂ ಇಲ್ಲ.

ನೀಲಿಹನಿ

ಅದಕ್ಕೇ ಅಲ್ವಾ ಮೊದಲು ಅರ್ಧ ಗಂಟೆ ಕತ್ತಲಲ್ಲಿ ಇಡುವುದು?

ಹಳೇಬೀಕರ್

ಹೌದು, ಆದರೆ ಅರ್ಧ ಗಂಟೆ ಅನ್ನುವುದು ಶಾಸ್ತ್ರವಾಗಿಬಿಟ್ಟಿದೆ. ಕತ್ತಲಲ್ಲಿ ಅಬ್ಸಾರ್ಬೆನ್ಸ್ ಇಳಿಯುವುದು ನಿಲ್ಲುವವರೆಗೂ ಕಾಯಬೇಕು. ಗ್ರ್ಯಾಫೀನ್ ಇರುವ ಪುಡಿಯಲ್ಲಿ ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಸಮತೋಲಕ್ಕೆ ಬಂದಾಗ ನೀರಿನಲ್ಲಿ ಡೈ ಉಳಿದೇ ಇಲ್ಲ ಅಂದರೆ ಪುಡಿ ಕಮ್ಮಿ ಮಾಡಿ ಇಲ್ಲವೇ ಡೈ ಜಾಸ್ತಿ ಮಾಡಿ. ಆಮೇಲೆ ಲ್ಯಾಂಪ್ ಹಚ್ಚಿ.

ಕೊನೆಗೆ ಪುಡಿಯನ್ನೇ ವಿಚಾರಿಸಿ. ನೀರನ್ನು ಬಸಿದು, ಕೆಲವು ಹನಿ ಆಮ್ಲ ಸೇರಿಸಿದ ಎಥನಾಲ್ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಅಯಸ್ಕಾಂತ ಹಿಡಿಯಿರಿ. ಮೇಲಿನ ಎಥನಾಲ್ ನೀಲಿಗೆ ತಿರುಗಿದರೆ ಉತ್ತರ ಕಣ್ಣೆದುರೇ ಇದೆ. ಇದನ್ನು ಅಳೆಯಬಹುದು, ಆದರೆ ಕ್ಯಾಲಿಬ್ರೇಷನ್ ಕೂಡ ಅದೇ ಎಥನಾಲ್‌ನಲ್ಲಿ ಮಾಡಬೇಕು, ಯಾಕೆಂದರೆ ಪೀಕ್ ಸ್ವಲ್ಪ ಸರಿಯುತ್ತದೆ. ಕತ್ತಲಲ್ಲಿ ಇಟ್ಟ ಪುಡಿಯನ್ನೂ ಹೀಗೇ ತೊಳೆಯಿರಿ. ಅದರಿಂದ ಎಷ್ಟು ಡೈ ವಾಪಸ್ ಬರುತ್ತದೆ ಅಂತ ತಿಳಿದರೆ ಬೆಳಕಿನಲ್ಲಿ ಇಟ್ಟಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ನಿಜವಾಗಿ ಒಡೆದ ಡೈ.

ತಿಳಿನೀರು

ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು ಶುದ್ಧ ಮಾಡುವ ಕಡೆ ಕೆಲಸ ಮಾಡುವವಳು. ಈ ಚರ್ಚೆ ನೋಡಿ ಖುಷಿಯಾಯಿತು. ನಮ್ಮ ಕಡೆಯಿಂದ ಎರಡು ಮಾತು.

ರಿಯಾಕ್ಟಿವ್ ಡೈಗಳ ನೀರು ಡಿಸ್ಟಿಲ್ಡ್ ನೀರಿನ ಥರ ಇರುವುದಿಲ್ಲ. ಉಪ್ಪು, ಸೋಡಾ, ಪಿಎಚ್ 10ರ ಮೇಲೆ. ಕಾರ್ಬೊನೇಟ್, ಕ್ಲೋರೈಡ್ ಎರಡೂ ಹೈಡ್ರಾಕ್ಸಿಲ್ ರ್‍ಯಾಡಿಕಲನ್ನು ತಿನ್ನುತ್ತವೆ. ಫೆಂಟನ್‌ಗೆ ಬೇಕಾದದ್ದು ಪಿಎಚ್ 3ರ ಹತ್ತಿರ. ಅಷ್ಟು ನೀರಿಗೆ ಆಮ್ಲ ಸುರಿದು, ಕೊನೆಗೆ ಮತ್ತೆ ಕ್ಷಾರ ಸುರಿದರೆ ಉಪ್ಪು ಇನ್ನೂ ಏರುತ್ತದೆ. ಮ್ಯಾಗ್ನಟೈಟ್‌ನಂಥ ಗಟ್ಟಿ ಕ್ಯಾಟಲಿಸ್ಟ್ ಮೇಲೆ ನನಗೆ ಆಸೆ ಇರುವುದು ಇಲ್ಲೇ. ಅದು 5, 6ರ ಪಿಎಚ್‌ನಲ್ಲಿ ಸಾಧಾರಣವಾಗಿ ನಡೆದರೂ ನಮಗೆ ಬಹಳ ದೊಡ್ಡದು. ಕಬ್ಬಿಣದ ಕೆಸರೂ ಕಮ್ಮಿಯಾಗುತ್ತದೆ. ದಯವಿಟ್ಟು ಪಿಎಚ್ 3ರಲ್ಲಿ ಮಾತ್ರ ಅಳೆದು ನಿಲ್ಲಿಸಬೇಡಿ.

ಎರಡನೆಯದು, ಬಣ್ಣ ಹೋದ ನೀರು ಒಳ್ಳೆಯ ನೀರು ಅಂತ ಅಲ್ಲ. ಅಜೋ ಡೈ ಅರ್ಧಕ್ಕೆ ಒಡೆದರೆ ಆರೊಮ್ಯಾಟಿಕ್ ಅಮೀನ್‌ಗಳು ಬರಬಹುದು. ಅವುಗಳಲ್ಲಿ ಕೆಲವು ಡೈಗಿಂತ ಕೆಟ್ಟವು. ಆ ನೀರು ಕೊನೆಗೆ ಹೋಗಿ ಸೇರುವುದು ಯಾವುದೋ ಹೊಳೆಗೇ. ಟಿಓಸಿ (ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲ) ಅಥವಾ ಸಿಓಡಿ (ಅಲ್ಲಿರುವುದನ್ನು ಆಕ್ಸಿಡೀಕರಿಸಲು ಬೇಕಾದ ಆಮ್ಲಜನಕ) ಇಲ್ಲದೆ ಬರೀ ಬಣ್ಣದ ಗ್ರಾಫ್ ತೋರಿಸಿದರೆ ನಮಗೆ ಅದರಿಂದ ಏನೂ ತಿಳಿಯುವುದಿಲ್ಲ.

ಕಪ್ಪುಪುಡಿ

ತುಂಬಾ ಥ್ಯಾಂಕ್ಸ್ ಮೇಡಂ. ಟಿಓಸಿ ಮಷೀನ್ ಬಳಸಲು ಅವಕಾಶ ಸಿಗುತ್ತದೆ. ಏನಾದರೂ ಎಚ್ಚರಿಕೆ ಇದೆಯಾ?

ತಿಳಿನೀರು

ಇದೆ. ಮೆಥಿಲೀನ್ ಬ್ಲೂ ತೂಕದಲ್ಲಿ ಇಂಗಾಲ ಸುಮಾರು 60 ಶೇಕಡಾ. ಲೀಟರಿಗೆ 10 ಮಿಲಿಗ್ರಾಂ ಡೈ ಅಂದರೆ ಟಿಓಸಿ ಲೀಟರಿಗೆ 6 ಮಿಲಿಗ್ರಾಂ ಮಾತ್ರ. ಪುಡಿಯನ್ನು ಎಥನಾಲ್‌ನಲ್ಲಿ ತೊಳೆದು ಸರಿಯಾಗಿ ಒಣಗಿಸದೆ ಹಾಕಿದರೆ, 50 ಮಿಲಿಗ್ರಾಂ ಪುಡಿಯಲ್ಲಿ 0.6 ಮಿಲಿಗ್ರಾಂ ಎಥನಾಲ್ ಉಳಿದಿದ್ದರೂ ಸಾಕು, ಡೈಯಲ್ಲಿ ಇರುವಷ್ಟೇ ಇಂಗಾಲ ಅದರಿಂದ ಬರುತ್ತದೆ. ಕೊನೆಯ ತೊಳೆತ ನೀರಿನಲ್ಲೇ ಇರಲಿ. ಡೈ ಇಲ್ಲದೆ ಬರೀ ನೀರು ಮತ್ತು ಪುಡಿ ಇಟ್ಟು ಒಂದು ಬ್ಲ್ಯಾಂಕ್ ಅಳೆಯಿರಿ.

ಸಿಓಡಿ ಮಾಡುವುದಾದರೆ ಉಳಿದ ಪೆರಾಕ್ಸೈಡ್ ಆ ಪರೀಕ್ಷೆಯಲ್ಲಿ ಬಳಸುವ ಡೈಕ್ರೋಮೇಟನ್ನು ತಿಂದು ಅಂಕಿ ಏರಿಸುತ್ತದೆ. ಮೊದಲು ಅದನ್ನು ತೆಗೆಯಬೇಕು.

ನೀಲಿಹನಿ

ಡೈ ಬದಲಾಯಿಸಿದರೆ ಹೇಗೆ? ಮೆಥಿಲೀನ್ ಬ್ಲೂ ತಾನೇ 600ರ ಮೇಲೆ ಬೆಳಕು ಹೀರುತ್ತದೆ. ಬೆಳಕು ಹಿಡಿದದ್ದು ಡೈಯೋ ಕ್ಯಾಟಲಿಸ್ಟೋ ಅಂತ ಹೇಗೆ ಹೇಳುತ್ತೀರಿ? ಅದೂ ಅಲ್ಲದೆ ಗಾಳಿ ಕಮ್ಮಿ ಇದ್ದರೆ ಅದು ಬಣ್ಣವಿಲ್ಲದ ಲ್ಯೂಕೊ ರೂಪಕ್ಕೆ ಹೋಗುತ್ತದೆ. ಸ್ಯಾಂಪಲ್ ಬಾಟಲಿ ತೆರೆದು ಅಲ್ಲಾಡಿಸಿದರೆ ನೀಲಿ ವಾಪಸ್ ಬರುತ್ತದೆ. ರೋಡಮೈನ್ ಬಿ ಅನ್ನುವ ಡೈಯಲ್ಲೂ ತಲೆನೋವಿದೆ, ಈಥೈಲ್ ಗುಂಪು ಒಂದೊಂದಾಗಿ ಕಳಚಿ 554ರ ಪೀಕ್ 498ರ ಕಡೆ ಸರಿಯುತ್ತದೆ. ಒಂದೇ ತರಂಗಾಂತರ ನೋಡುತ್ತಾ ಕೂತರೆ ಡೈ ಖಾಲಿಯಾದ ಹಾಗೆ ಕಾಣುತ್ತದೆ. ಯಾವ ಡೈ ಆದರೂ ಪೂರ್ತಿ ಸ್ಪೆಕ್ಟ್ರಂ ತೆಗೆಯಿರಿ.

ಬಣ್ಣವಿಲ್ಲದ ಫೀನಾಲ್‌ನಂಥ ವಸ್ತುವಿನ ಮೇಲೆ ಒಂದು ಪ್ರಯೋಗ ಇದ್ದರೆ ವಾದವೇ ಬರುವುದಿಲ್ಲ.

ಸ್ಪಿನೆಲ್

ಒಪ್ಪಿದೆ. ಸ್ಕ್ಯಾವೆಂಜರ್ ಪ್ರಯೋಗದಲ್ಲೂ (ಹೋಲ್, ಹೈಡ್ರಾಕ್ಸಿಲ್ ಹಿಡಿಯುವ ವಸ್ತು ಹಾಕಿ, ಕೆಲಸ ಮಾಡಿದ್ದು ಯಾವುದು ಅಂತ ನೋಡುವುದು) ಹುಷಾರು. ಹೋಲ್ ಹಿಡಿಯಲು ಇಡಿಟಿಎ ಇಲ್ಲವೇ ಅಮೋನಿಯಂ ಆಕ್ಸಲೇಟ್ ಹಾಕುವುದು ರೂಢಿ. ಕಬ್ಬಿಣದ ಎದುರು ಇವೆರಡೂ ಸುಮ್ಮನಿರುವುದಿಲ್ಲ. ಕಬ್ಬಿಣವನ್ನು ಕರಗಿಸಿ ನೀರಿಗೆ ತರುತ್ತವೆ. ಫೆರಿಕ್ ಆಕ್ಸಲೇಟ್ ಅಂತೂ ಬೆಳಕಿಗೆ ಬಹಳ ಚುರುಕು. ಹೈಡ್ರಾಕ್ಸಿಲ್‌ಗೆ ಟರ್ಷಿಯರಿ ಬ್ಯುಟನಾಲ್ ಹಾಕಿ ನೋಡಿ, ಅಷ್ಟರಲ್ಲೇ ಬಹಳಷ್ಟು ತಿಳಿಯುತ್ತದೆ.

ಲ್ಯಾಬ್‌ಹುಳು

ಅಯಸ್ಕಾಂತದ ಬಗ್ಗೆ ಒಂದು ಮಾತು. ಕಣ ಸಣ್ಣದಾದಷ್ಟೂ ಅದರ ಮೇಲಿನ ಎಳೆತ ಕಮ್ಮಿ. ಹಾಗಾಗಿ ನೀರು ತಿಳಿಯಾಗಿ ಕಂಡರೂ ನಯವಾದ ಕಣಗಳು ತೇಲುತ್ತಿರುತ್ತವೆ. ಲೇಸರ್ ಪಾಯಿಂಟರ್ ಹಾಯಿಸಿ. ನೀರಿನೊಳಗೆ ಬೆಳಕಿನ ಗೆರೆ ಕಂಡರೆ ಇನ್ನೂ ಪುಡಿ ಇದೆ ಅಂತ. ಅದೇ ಸ್ಯಾಂಪಲ್ ಕ್ಯುವೆಟ್‌ಗೆ ಹೋದರೆ ಅಬ್ಸಾರ್ಬೆನ್ಸ್ ತಪ್ಪಾಗುತ್ತದೆ. ಸೆಂಟ್ರಿಫ್ಯೂಜ್ ಮಾಡಿ. ಫಿಲ್ಟರ್ ಬಳಸಿದರೆ ಮೆಂಬ್ರೇನ್ ಕೂಡ ಡೈ ಹಿಡಿಯಬಹುದು, ಅದಕ್ಕೂ ಬ್ಲ್ಯಾಂಕ್ ಬೇಕು.

ಮರುಬಳಕೆ ತೋರಿಸುವಾಗ ಪ್ರತಿ ಸುತ್ತಿಗೂ ಪುಡಿ ಒಣಗಿಸಿ ತೂಗಿ. ಕೊನೆಯ ಶೇಕಡಾ ಹೋಲಿಸಬೇಡಿ, ಮೊದಲ ಕೆಲವು ನಿಮಿಷಗಳ ವೇಗ ಹೋಲಿಸಿ. ಕ್ಯಾಟಲಿಸ್ಟ್ ಅರ್ಧ ಸತ್ತಿದ್ದರೂ ಸಾಕಷ್ಟು ಹೊತ್ತು ಬಿಟ್ಟರೆ 95 ಶೇಕಡಾ ಬಂದೇ ಬರುತ್ತದೆ.

ಕಪ್ಪುಪುಡಿ

ಪ್ಲ್ಯಾನ್ ಬದಲಿಸಿದೆ. ಪುಡಿ 50ರಿಂದ 10 ಮಿಲಿಗ್ರಾಂಗೆ ಇಳಿಸುತ್ತೇನೆ. ಪೆರಾಕ್ಸೈಡ್ ಸೇರಿಸುತ್ತೇನೆ. ಪಿಎಚ್ 3 ಮತ್ತು 6 ಎರಡರಲ್ಲೂ ಅಳೆಯುತ್ತೇನೆ. ಡೈ ಜೊತೆಗೆ ಫೀನಾಲ್ ಕೂಡ. ಬೆಳಕು ಮಾತ್ರ, ಪೆರಾಕ್ಸೈಡ್ ಮಾತ್ರ, ಬೆಳಕು ಮತ್ತು ಪೆರಾಕ್ಸೈಡ್, ಕತ್ತಲಲ್ಲಿ ಪುಡಿ ಮತ್ತು ಪೆರಾಕ್ಸೈಡ್, ಎಲ್ಲ ಬೇರೆ ಬೇರೆ ನಡೆಸುತ್ತೇನೆ.

ಒಂದೇ ಭಯ. ಕತ್ತಲಲ್ಲೇ ಪೆರಾಕ್ಸೈಡ್ ಜೊತೆ ಡೈ ಪೂರ್ತಿ ಒಡೆದುಬಿಟ್ಟರೆ?

ಹಳೇಬೀಕರ್

ಒಡೆದರೆ ಅದು ಸಾದಾ ಫೆಂಟನ್. ಕೆಟ್ಟ ಸುದ್ದಿ ಏನಲ್ಲ, ಶೀರ್ಷಿಕೆಯಿಂದ ಬೆಳಕು ತೆಗೆದರಾಯಿತು. ಲ್ಯಾಂಪ್ ಬೇಡದ ಕ್ಯಾಟಲಿಸ್ಟ್ ತಿಳಿನೀರು ಅವರಿಗೆ ಇನ್ನೂ ಒಳ್ಳೆಯದೇ. ಆದರೆ ಬೆಳಕಿನಿಂದ ವೇಗ ಎಷ್ಟು ಪಟ್ಟು ಏರಿತು ಅಂತ ಹೇಳುವಾಗ ಲ್ಯಾಂಪ್‌ನ ಬಿಸಿಯನ್ನು ಮರೆಯಬೇಡಿ. ಬೀಕರ್ ಸುತ್ತ ತಣ್ಣೀರು ಹರಿಯಲಿ, ಎರಡು ಕಡೆಯೂ ಒಂದೇ ಉಷ್ಣತೆ ಇರಲಿ.

ಇನ್ನೊಂದು ಪ್ರಯೋಗ ಪಟ್ಟಿಗೆ ಸೇರಿಸಿ. ಡೈ ಅರ್ಧ ಇಳಿದಾಗ ಅಯಸ್ಕಾಂತ ಮತ್ತು ಸೆಂಟ್ರಿಫ್ಯೂಜ್‌ನಿಂದ ಪುಡಿ ಪೂರ್ತಿ ತೆಗೆದುಬಿಡಿ. ಉಳಿದ ನೀರನ್ನು ಅದೇ ಪೆರಾಕ್ಸೈಡ್, ಅದೇ ಬೆಳಕಿನಲ್ಲಿ ಮುಂದುವರಿಸಿ. ಬಣ್ಣ ಅಲ್ಲಿಗೇ ನಿಂತರೆ ಕೆಲಸ ಮಾಡಿದ್ದು ಕಣದ ಮೇಲ್ಮೈ. ಇಳಿಯುತ್ತಲೇ ಹೋದರೆ ಕರಗಿ ಬಂದ ಕಬ್ಬಿಣ. ಆಗ ಫೆರಿಕ್ಕನ್ನು ಫೆರಸ್‌ಗೆ ತಂದು, ಅದರ ಜೊತೆ ಬಣ್ಣ ಕೊಡುವ ಫಿನಾಂತ್ರೊಲಿನ್ ಹಾಕಿ, 510 ನ್ಯಾನೊಮೀಟರಿನಲ್ಲಿ ಎಷ್ಟು ಕರಗಿದೆ ಅಂತ ಅಳೆಯಿರಿ. ಪಿಎಚ್ 3ರಲ್ಲಿ ಒಂದಷ್ಟು ಕರಗಿಯೇ ಇರುತ್ತದೆ. 6ರಲ್ಲಿ ಎಷ್ಟು ಅಂತ ಸಿಕ್ಕಿದಾಗ ಇಲ್ಲಿ ಹಾಕಿ.